ಟಪ್ಪಿನ ಮೇಲಿನ ನೀರು

ಅಕ್ಕಲಕೋಟ
11-6-1978

ಚಿ. ವಿಶ್ವನಾಥ ಮತ್ತು ಚಿ. ಸೌ. ಕುಮುದಿನಿಗೆ,

ವೇಣೂಬಾಯಿ ನೆನೆದು ಬರೆದದ್ದು. ಕುಮುದಿನಿ, ಎಂದಿನಂತೆ ಇದನ್ನು ಅವನಿಗೆ ಓದಿ ಹೇಳು. ನನ್ನ ಮೈದುನನನ್ನು ಮರಾಠಿ ಶಾಲೆಗೆ ಹಾಕಿದವರು ಮಾವನವರು. ಮನೆಯಲ್ಲಿ ದಿನವೆಲ್ಲ ಕನ್ನಡ ಮಾತಾಡುವವನು ಕನ್ನಡ ಅಕ್ಷರ ಕಂಡರೆ ನಿನ್ನ ಮುಖ ನೋಡುತ್ತಾನೆ.

ಮೃಗದ ಮಳೆ ಎರಡು ದಿನ ಚೆನ್ನಾಗಿ ಬಂತು. ಅಂಗಳದ ಕಲ್ಲು ತೊಳೆದ ಹಾಗಿದೆ. ನಿಮ್ಮಣ್ಣ ಹೋಗಿ ಒಂದು ವರ್ಷ ಆರು ತಿಂಗಳಾಯಿತು. ನನ್ನ ವಹಿಯಲ್ಲಿ ದಿನಕ್ಕೆ ಎರಡು ಸಾಲು ಬರೆಯುವ ರೂಢಿ ಬಿಟ್ಟಿಲ್ಲ. ಬರೆಯಲು ಏನೂ ಇರದ ದಿನ ಮಳೆ ಬಿಸಿಲು ಬರೆಯುತ್ತೇನೆ.

ವಿಶ್ವನಾಥ, ಈ ಪತ್ರಕ್ಕೆ ಕಾರಣ ಮನಿಗಾಡಿ. ಮಿಲ್ಲಿನ ಹರಾಜಿನಲ್ಲಿ ಬಂದ ಆ ಹಳೆಯ ವ್ಯಾನಿಗೆ ಮಡಚುವ ಮಂಚ, ಒಲೆಯ ಕಟ್ಟೆ, ಪಾತ್ರೆಯ ಖಾನೆ ಕೂಡಿಸಿ ಮನೆಯಂತೆ ಮಾಡಿದವನು ನೀನು. ನಾಲ್ಕು ವರ್ಷ ನಿಮ್ಮಣ್ಣ ನಡೆಸಿದರು, ನಾನು ಅಡುಗೆ ಮಾಡಿದೆ, ಓಣಿಯ ಮಂದಿ ಪಂಢರಪುರ, ತುಳಜಾಪುರ, ಗಾಣಗಾಪುರ ಎಲ್ಲ ನೋಡಿ ಬಂದರು. ಶ್ರೀಶೈಲದ ಘಾಟಿನಲ್ಲಿ ಅದು ಮಗ್ಗುಲಾಗಿ ಅವರು ಹೋದ ಮೇಲೆ ವಿಜಾಪುರ ರಸ್ತೆಯ ನಿನ್ನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿದೆ.

ಈಗ ನಮ್ಮ ಓಣಿಯ ಸಾತಲಿಂಗಪ್ಪ, ಅಡತಿ ಅಂಗಡಿಯವರು, ಅದನ್ನು ಕೇಳುತ್ತಿದ್ದಾರೆ. ಅವರ ತಾಯಿ ತುಳಜಾಬಾಯಿಗೆ ಎಪ್ಪತ್ತಾರು. ಆ ಸಲ ನಮ್ಮ ಜೊತೆ ಗಾಡಿಯಲ್ಲಿದ್ದರು, ನಿನಗೆ ನೆನಪಿರಬೇಕು, ಕಾಲು ಮುರಿದಿತ್ತು. ಅರ್ಧಕ್ಕೆ ನಿಂತ ಶ್ರೀಶೈಲ ಮುಗಿಸಬೇಕು ಎಂದು ಹಟ ಹಿಡಿದಿದ್ದಾರೆ. "ಬಸ್ಸಿನ್ಯಾಗ ಯಾರ್ಯಾರೋ ಕೂತ ಸೀಟಿನ ಮ್ಯಾಲ ನಾ ಕೂಡಂಗಿಲ್ಲ. ವೇಣೀ ಗಾಡಿ ರಿಪೇರಿ ಆಗ್ಲಿ, ನಾ ಅಲ್ಲೀತನಕ ಸಾಯಂಗಿಲ್ಲ" ಎನ್ನುತ್ತಾರೆ. ತುಳಸಿ ಲಗ್ನ ಆದ ಮೇಲೆ ಹೊರಡುವ ಯೋಚನೆ. ಗಾಡಿಯನ್ನು ನಿನ್ನ ಹೊರತು ಬೇರೆಯವರು ಮುಟ್ಟುವುದು ನನಗೆ ಬೇಡ. ಏನನ್ನುತ್ತೀ, ತಿಳಿಸು.

ನಿಮ್ಮ
ವೇಣೂಬಾಯಿ


ಸೋಲಾಪುರ
25-6-1978

ವೈನಿಯವರಿಗೆ ವಿಶ್ವನಾಥನ ನಮಸ್ಕಾರ. ಬರೆಯುತ್ತಿರುವ ಕೈ ಕುಮುದಿನಿಯದು, ಹೇಳುತ್ತಿರುವವನು ನಾನು.

ಗಾಡಿಯ ಮಾತು ಬಿಡಿರಿ. ಅದನ್ನು ಮೋಡಕಾ ಬಜಾರಿಗೆ, ಗುಜರಿಗೆ ಹಾಕಿದರೆ ಒಳ್ಳೆಯದು. ಶ್ರೀಶೈಲಕ್ಕೆಂದು ಮೊದಲ ಸಲ ಇನ್ನೂರು ಲೀಟರಿನ ನೀರಿನ ಪೀಪಾಯಿ ಇಡಬೇಕಾಯಿತು. ಅದರ ಭಾರಕ್ಕೆ ಹಿಂದಿನ ಸ್ಪ್ರಿಂಗಿಗೆ ಒಂದು ಪಾಟಾ, ಉಕ್ಕಿನ ಪಟ್ಟಿ, ಹೆಚ್ಚು ಹಾಕಿದೆ. ಹೊಸದಲ್ಲ, ಹಳೆಯ ಲಾರಿಯದು. ಅದೇ ಮುರಿದಿತ್ತು. ಪಂಚನಾಮೆಯಲ್ಲಿಯೂ ಅದನ್ನೇ ಬರೆದಿದ್ದಾರೆ. ಶಿವಾನಂದಣ್ಣ ನನ್ನ ಕೈಕೆಲಸ ನಂಬಿ ಕೂತು ಜೀವ ಕಳೆದುಕೊಂಡರು. ಇದರ ಮೇಲೆ ನಾನು ಹೇಳುವುದು ಏನೂ ಇಲ್ಲ.

ಗ್ಯಾರೇಜು ಮುಚ್ಚಿದ್ದು ನಿಮಗೆ ಗೊತ್ತು. ಊರ ಹೊರಗಿನ ಕೈಗಾರಿಕಾ ವಸಾಹತಿನ ಒಂದು ನೂಲಿನ ಕಾರಖಾನೆಯಲ್ಲಿ ಗೇಟಿನ ಕೆಲಸ ಸಿಕ್ಕಿದೆ. ಬರುವ ಲಾರಿ, ಹೋಗುವ ಲಾರಿ ನೋಡುವುದು. ಪಾನಾ ಹಿಡಿಯುವುದಿಲ್ಲ, ಸುತ್ತಿಗೆ ಹಿಡಿಯುವುದಿಲ್ಲ. ಅದೇ ಬೇಕಾಗಿತ್ತು.

ಸಾತಲಿಂಗಪ್ಪನವರಿಗೆ ಬಸ್ಸು ಹಿಡಿಯಲು ಹೇಳಿರಿ.

ತಮ್ಮ
ವಿಶ್ವನಾಥ

ಅಕ್ಕಾ, ಇದು ನನ್ನದು. ಇವರು ಈಗ ಐದೂವರೆಗೆಲ್ಲ ಮನೆಯಲ್ಲಿರುತ್ತಾರೆ. ಊಟ ಬಿಸಿ ಇರುವಾಗ ಉಣ್ಣುತ್ತಾರೆ. ಗಾಡಿಯ ವಿಷಯ ಮತ್ತೆ ತೆಗೆಯಬೇಡಿರಿ. — ಕುಮುದಿನಿ


ಅಕ್ಕಲಕೋಟ
20-7-1978

ಚಿ. ವಿಶ್ವನಾಥನಿಗೆ,

ನಿನ್ನ ಪತ್ರ ಮೂರು ಸಲ ಓದಿದೆ.

ಸಾತಲಿಂಗಪ್ಪ ಬಸ್ಸಿಗೆ ಒಪ್ಪಲಿಲ್ಲ. ಇಲ್ಲಿಯೇ ಒಬ್ಬ ಮಿಸ್ತ್ರಿಯನ್ನು ಗೊತ್ತು ಮಾಡಿದ್ದಾರೆ. ಲಾರಿಯಲ್ಲಿ ಹೇರಿಸಿ ಗಾಡಿಯನ್ನು ಇಲ್ಲಿಗೆ ತರಿಸುತ್ತಾರಂತೆ. ನಾನು ಬೇಡ ಎನ್ನಲಾರೆ. ಆ ದಿನ ಘಾಟಿನಲ್ಲಿ ನನ್ನನ್ನು ಎತ್ತಿ ಆಸ್ಪತ್ರೆಗೆ ಒಯ್ದವರು ಅವರು. ಮಿಸ್ತ್ರಿ ಮೊನ್ನೆ ಬಂದು ಅಂಗಳದಲ್ಲಿ ಕೂತು ಚಹಾ ಕುಡಿದ. ಗಾಡಿಯ ಮಾಡು, ಟಪ್ಪಿನ ಮೇಲೆ ದೊಡ್ಡ ಕ್ಯಾರಿಯರ್ ಕೂಡಿಸಿ ಎರಡು ಪೀಪಾಯಿ ಇಡುತ್ತೇನೆ, ಒಂದು ಕುಡಿಯಲು, ಒಂದು ಬಳಸಲು ಎಂದ. ಸಾತಲಿಂಗಪ್ಪ ತಲೆಯಾಡಿಸಿದರು.

ಈ ಪತ್ರದ ಜೊತೆ ಇನ್ನೊಂದು ಹಾಳೆ ಇದೆ. ಕುಮುದಿನಿ, ಅದನ್ನು ಪೂರ್ತಿ ಓದಿ ಹೇಳು.

ವೇಣೂಬಾಯಿ

(ಬೇರೆ ಹಾಳೆ)

ವಿಶ್ವನಾಥ, ನೀರಿನ ಪೀಪಾಯಿ ನೀನು ಕೂಡಿಸಿದ ಜಾಗದಲ್ಲಿ ಇರಲಿಲ್ಲ. ಟಪ್ಪಿನ ಮೇಲೆ ಇತ್ತು. ಅಲ್ಲಿ ಇಡಿಸಿದವಳು ನಾನು. ನಿನಗೆ ಯಾರೂ ಹೇಳಲಿಲ್ಲ, ನೀನು ಯಾರನ್ನೂ ಕೇಳಲಿಲ್ಲ. ಗಾಡಿ ಮಗುಚಿದಾಗ ಅದು ಹಗ್ಗ ಹರಿದು ದರಿಗೆ ಬಿತ್ತು. ತಪ್ಪು ನಿನ್ನ ಪಾಟಾದ್ದಲ್ಲ. ಈ ಮಾತು ಹತ್ತೊಂಬತ್ತು ತಿಂಗಳು ತಡವಾಯಿತು. ನೀನು ಏನು ಅಂದರೂ ಕೇಳುತ್ತೇನೆ. ಆದರೆ ಆ ಮಿಸ್ತ್ರಿ ಹಾಗೆ ಭಾರ ಹೇರದಂತೆ ನೀನು ಬಂದು ಹೇಳಬೇಕು. ನನ್ನ ಮಾತು ಅವರು ಕೇಳುವುದಿಲ್ಲ, ನೀನು ಗಾಡಿ ಬಲ್ಲವನು.


ಸೋಲಾಪುರ
14-8-1978

ವೈನಿಯವರಿಗೆ ನಮಸ್ಕಾರ.

ಪಂಚಮಿ ಚೆನ್ನಾಗಿ ಆಯಿತು. ಈ ವರ್ಷ ಉಂಡಿ ಮಾಡಲಿಲ್ಲ, ಕುಮುದಿನಿ ಬರೇ ಅಳ್ಳು ಹುರಿದಳು. ಕಾರಖಾನೆಯಲ್ಲಿ ಕೆಲಸ ಹೆಚ್ಚಾಗಿದೆ, ರಜೆ ಸಿಗುವುದಿಲ್ಲ.

ಸಾತಲಿಂಗಪ್ಪನವರು ಗಾಡಿ ಒಯ್ಯುವುದಾದರೆ ಒಯ್ಯಲಿ, ಶೆಡ್ಡಿನ ಕೀಲಿ ಮನೆಯಲ್ಲಿದೆ. ಒಂದೇ ಮಾತು, ಆ ಹಳೆಯ ಪಾಟಾ ತೆಗೆದು ಹೊಸದು ಹಾಕಿಸಿರಿ. ನನ್ನಿಂದ ಆದದ್ದು ಇನ್ನೊಬ್ಬರಿಗೆ ಆಗಬಾರದು. ನಾನು ಅಲ್ಲಿಗೆ ಬರುವುದಿಲ್ಲ.

ತಮ್ಮ
ವಿಶ್ವನಾಥ


ಅಕ್ಕಲಕೋಟ
1-9-1978

ಕುಮುದಿನಿ,

ಕಾರ್ಡು ಎಲ್ಲರ ಕೈ ದಾಟಿ ಬರುತ್ತದೆ, ಹೆಚ್ಚು ಬರೆಯಲಾರೆ. ಜುಲೈ ತಿಂಗಳ ಪತ್ರದಲ್ಲಿ ಎರಡು ಹಾಳೆ ಇದ್ದವು. ಎರಡೂ ಸಿಕ್ಕವೇ?

ವೇಣೂಬಾಯಿ


ಅಕ್ಕಲಕೋಟ
6-10-1978

ವಿಶ್ವನಾಥಗ,

ಈ ಕಾಗದಾ ನಿನ್ನ ಕಾರಖಾನಿ ಗೇಟಿಗೆ ಹಾಕೀನಿ. ಯಾರ ಕಡೆಯಿಂದನೂ ಓದಿಸಬ್ಯಾಡ, ನೀನ ಓದು. ಅಕ್ಷರ ನಿಮ್ಮ ಮರಾಠಿ ಸಾಲೀವು, ಬಾಲಬೋಧ. ಮಾತು ನಮ್ಮನೀದು. ನಮ್ಮ ಓಣಿ ಇಂದುಬಾಯಿ ಮರಾಠಿ ಪೋಥಿ ಓದ್ತಾಳಲ್ಲ, ಅಕಿ ಕಡೆ ಒಂದು ತಿಂಗಳು ದಿನಾ ಮಧ್ಯಾಹ್ನ ಕೂತು ಕಲತೀನಿ. "ಈ ವಯಸ್ಸಿನ್ಯಾಗ ಯಾವ ಪರೀಕ್ಷಾಕ್ಕ ಕೂಡ್ತೀಯವ್ವ?" ಅಂತ ನಗ್ತಾಳ. ಬರಿಯೂದು ಬ್ಯಾರೆ ತಿಳೀಲಿಲ್ಲ, ಹಂಗ ಮಾತಾಡಿದಂಗ ಬರದೀನಿ. ತಪ್ಪಿದ್ರ ಹೊಂದಿಸಿ ಓದು.

ಆಗಸ್ಟಿನ ಕಾಗದದಾಗ ನೀ ಮತ್ತ ನಿನ್ನ ಪಾಟಾನ ಹಿಡದಿ. ನಾ ಬರದದ್ದು ಕೇಳಿದ ಮನಶಾ ಹಂಗ ಬರಿಯೂದಿಲ್ಲ. ಕುಮುದಿನಿಗೆ ಹಾಕಿದ ಕಾರ್ಡಿಗೂ ಉತ್ತರ ಬರಲಿಲ್ಲ. ಅದಕ್ಕ ಗೊತ್ತಾತು, ನಿನಗ ಆ ಹಾಳಿ ಮುಟ್ಟಿಲ್ಲ.

ಕೇಳು. ನೀ ಸೋಲಾಪುರದಿಂದ ಗಾಡಿ ಕಳಿಸಿದಾಗ ಪೀಪಾಯಿ ಒಳಗ ಇತ್ತು. ಎರಡೂ ಗಾಲಿ ನಡಬರಕ, ನೆಲಕ್ಕ ಹತ್ತಿ, ನೀ ಕಬ್ಬಿಣದ ಚೌಕಟ್ಟು ಹಾಕಿದ್ದಿ. ಹತ್ತು ಕೊಡ ನೀರು ಹಿಡೀತಿತ್ತು. ಇಲ್ಲಿ ಮಂದಿ ಹತ್ತೂ ಮುಂದ ಒಬ್ಬರ ಕಾಲು ತಾಗ್ತು, ಒಬ್ಬರ ಚಪ್ಪಲಿ ತಾಗ್ತು. ತುಳಜಾಬಾಯಿ ಕೆಳಗ ನಿಂತು, "ಕಾಲಾಗಿನ ನೀರು ನಾ ಬಾಯಾಗ ಹಾಕೂದಿಲ್ಲ" ಅಂದ್ರು. ನನಗೂ ಖರೇ ಅನಿಸ್ತು. ಅಡಗಿ ಮಾಡಾಕಿ ನಾ, ಮಡಿ ನೀರು ನನ್ನ ಜವಾಬ್ದಾರಿ. ನಾ ನಿಮ್ಮಣ್ಣಗ ಹೇಳಿದೆ, "ಟಪ್ಪಿನ ಮ್ಯಾಲ ಇಡಸ್ರಿ, ಅಲ್ಲಿ ಯಾರದೂ ಕಾಲು ಹೋಗಂಗಿಲ್ಲ."

ಅವರು ಅಂದ್ರು, "ವಿಶ್ವಾ ಬ್ಯಾಡ ಅಂದಾನ. ಭಾರ ಕೆಳಗ ಇರ್ಲಿ ಅಂದಾನ."

ನಾ ಅಂದೆ, "ವಿಶ್ವಾ ಬಂದು ಅಡಗಿ ಮಾಡ್ತಾನೇನು?"

ಮಂದಿ ನಕ್ಕರು. ಅವರೂ ನಕ್ಕರು. ನಾಕು ಮಂದಿ ಹಗ್ಗಾ ಹಾಕಿ ಮ್ಯಾಲ ಎತ್ತಿದ್ರು, ಆಮ್ಯಾಲ ತುಂಬಿದ್ರು.

ಘಾಟ ಬರೂತನಕ ಅರ್ಧಾ ನೀರು ಖರ್ಚಾಗಿತ್ತು. ನಾ ಹಿಂದ ಕೂತಿದ್ದೆ, ತಲಿ ಮ್ಯಾಲನ ಪೀಪಾಯಿ. ತಿರುವಿನ್ಯಾಗ ಮೊದಲ ನೀರಿನ ಸಪ್ಪಳ ಕೇಳ್ತು. ನೀರೆಲ್ಲಾ ಒಂದ ಕಡೆ ಹೋಗಿ ದಪ್ ಅಂತ ಬಡೀತು. ಆಮ್ಯಾಲ ಗಾಡಿ ವಾಲ್ತು. ಆಮ್ಯಾಲ ಕೆಳಗ ಕಟ್ ಅಂತ ಮುರೀತು. ನೀರು ಮೊದಲ, ಪಾಟಾ ಆಮ್ಯಾಲ. ಈ ಕ್ರಮಾ ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಉಳದವರೆಲ್ಲಾ ಕಣ್ಣು ಮುಚ್ಚಿ ಕೂತಿದ್ರು. ಅವರಿಗೆ ಟಪ್ಪಿನ ಮ್ಯಾಲ ನೀರಿದ್ದದ್ದು ಒಂದು ಸಂಗತಿ ಅಂತನೂ ಅನಿಸಿಲ್ಲ.

ನೀ ಹೆಣಾ ನೋಡಾಕ ಬಂದಾಗ ಪಾಟಾ ಕೈಯಾಗ ಹಿಡಕೊಂಡು ಕೂತಿದ್ದಿ. ನಾ ಆವಾಗ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಒಂದು ದಿನಾ ಬಿಟ್ಟು ಹೇಳೋಣಂದೆ. ದಿನದ ಮಾತು ತಿಂಗಳಿಗೆ ಹೋಯ್ತು. ನೀ ಗ್ಯಾರೇಜ ಮುಚ್ಚಿದಿ ಅಂತ ಕೇಳಿದಾಗ ನನ್ನ ವಹಿಯಾಗ "ಬಿಸಿಲು" ಅಂತ ಬರದೆ.

ಸಾತಲಿಂಗಪ್ಪನ ಮಿಸ್ತ್ರಿ ದಸರಾ ಮುಗಿದ ಮ್ಯಾಲ ಗಾಡಿ ಒಯ್ಯಾಕ ಬರ್ತಾನ. ಅದರಾಗ ಒಂಬತ್ತು ಮಂದಿ ಕೂಡೋರು. ಈಗ ನಿನಗ ತಿಳದದ್ದು ಮಾಡು. ನನ್ನ ಕೂಡ ಮಾತು ಬಿಟ್ರ ಬಿಡು. ಆ ಗಾಡಿ ಹಂಗ ಬಿಡಬ್ಯಾಡ.

ವೇಣೂಬಾಯಿ


ಸೋಲಾಪುರ
15-10-1978

ಅಕ್ಕಾ,

ಇದು ಇವರು ಹೇಳಿ ಬರೆಸಿದ್ದಲ್ಲ. ಇವರು ನಾಲ್ಕು ದಿನದಿಂದ ನನ್ನ ಜೊತೆ ಮಾತಾಡಿಲ್ಲ.

ನಿಮ್ಮ ಪತ್ರ ಗೇಟಿನಲ್ಲಿ ಸಿಕ್ಕಿತಂತೆ. ಅಲ್ಲೇ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರಂತೆ. ನೂಲು ಹೇರಿದ ಲಾರಿಯೊಂದು ಗೇಟಿನ ಮುಂದೆ ಹಾರ್ನು ಬಾರಿಸುತ್ತಲೇ ಇತ್ತು, ಇವರು ತೆಗೆಯಲಿಲ್ಲ. ಸಾಹೇಬರು ಬಂದು ಬೈದ ಮೇಲೆ ತೆಗೆದರು. ಮನೆಗೆ ಬಂದು ನನ್ನ ಮುಂದೆ ಕೈ ಚಾಚಿ, "ಜುಲೈದ ಹಾಳಿ ಕೊಡು" ಎಂದರು. ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇತ್ತು. ಕೊಟ್ಟೆ.

ನಾನು ಅದನ್ನು ಓದಿ ಹೇಳಲಿಲ್ಲ, ಖರೆ. ನಿಮ್ಮನ್ನು ಉಳಿಸಲು ಎಂದು ಹೇಳಿದರೆ ಸುಳ್ಳಾಗುತ್ತದೆ. ಗ್ಯಾರೇಜಿನ ಹತ್ತು ವರ್ಷ ಇವರು ಎಲ್ಲಿ ಮಲಗಿದರು, ಏನು ಉಂಡರು ನನಗೆ ಗೊತ್ತಿರಲಿಲ್ಲ. ಯಾರದೋ ಗಾಡಿ ಪರೀಕ್ಷೆಗೆಂದು ಘಾಟಿಗೆ ಹೋದರೆ ಬರುವ ತನಕ ನಾನು ಬಾಗಿಲಲ್ಲಿ. ಈಗ ಐದೂವರೆಗೆ ಮನೆ. ತಾನೇ ತಪ್ಪು ಮಾಡಿದೆ ಎಂದು ತಿಳಿದಿರುವ ತನಕ ಇವರು ಗಾಡಿ ಮುಟ್ಟುವುದಿಲ್ಲ. ಆ ಹಾಳೆ ಓದಿದರೆ ಮತ್ತೆ ಪಾನಾ ಹಿಡಿಯುತ್ತಾರೆ ಎಂದು ಹೆದರಿದೆ. ಇವರ ಮೇಲಿನ ಆ ಭಾರ ನನಗೆ ಅನುಕೂಲವಾಗಿತ್ತು, ಅಕ್ಕಾ. ಇವರು ಊಟದ ನಡುವೆ ಕೈ ನಿಲ್ಲಿಸಿ ಕೂತುಬಿಡುವುದನ್ನು ದಿನಾ ನೋಡಿಯೂ ನಾನು ಸುಮ್ಮನಿದ್ದೆ.

ನಿಮಗೆ ಬರೆಯಲು ನನಗೆ ಮುಖವಿಲ್ಲ, ಆದರೂ ಬರೆದೆ. ಇವತ್ತು ಮುಂಜಾನೆ ಶೆಡ್ಡಿನ ಕೀಲಿ ತೆಗೆದುಕೊಂಡು ಹೋಗಿದ್ದಾರೆ.

ಕುಮುದಿನಿ


ಸೋಲಾಪುರ
19-10-1978

ವೈನಿಗ,

ಇದು ನನ್ನ ಕೈ ಬರಹ. ನಿಮ್ಮಂಗ ಬಾಲಬೋಧದಾಗ ನಮ್ಮ ಮಾತು ಬರದೀನಿ. ನಿಮ್ಮ ಕಾಗದದಾಗ "ಹತ್ತು ಕೊಡ" ಅನ್ನೂದನ್ನ ನಾ "ಹತ್ತು ಕೋಡ" ಅಂತ ಓದಿದೆ. ಈ ಅಕ್ಷರದಾಗ ಎರಡಕ್ಕೂ ಒಂದ ಗುರ್ತು. ಗಾಡ್ಯಾಗ ಎತ್ತಿನ ಕೋಡು ಯಾಕ ಬಂದ್ವು ಅಂತ ಎರಡು ಸಲ ನೋಡಿದೆ.

ನಾ ಸಿಟ್ಟಾಗೀನಿ. ಅದು ಬರದು ಮುಗಿಸ್ತೀನಿ, ಆಮ್ಯಾಲ ಕೆಲಸದ ಮಾತು.

ಪೀಪಾಯಿ ಮ್ಯಾಲ ಇಟ್ಟದ್ದಕ್ಕ ಅಷ್ಟು ಸಿಟ್ಟಿಲ್ಲ. ಅಣ್ಣಗ ಭಾರದ ಮಾತು ನನಗಿಂತ ಕಡಿಮಿ ಏನ್ ಗೊತ್ತಿದ್ದಿಲ್ಲ. ಗಾಡಿ ಹೊಡಿಯೋ ಮನಶಾ ಬ್ಯಾಡ ಅಂದ್ರ ಬ್ಯಾಡ, ಅಂವ ನಕ್ಕು ಒಪ್ಪಿದಾ. ಸಿಟ್ಟು ಇಪ್ಪತ್ತೆರಡು ತಿಂಗಳದ್ದು. ನಾ ದಿನಾ ಗೇಟಿನ್ಯಾಗ ನಿಂತು ಲಾರಿ ಹಿಂದಿನ ಪಾಟಾನ ಎಣಸ್ತಿದ್ದೆ. ಈ ಸಿಟ್ಟು ಹೋಗ್ತದೋ ಇಲ್ಲೋ ನನಗ ಗೊತ್ತಿಲ್ಲ. ಕುಮುದಿನಿ ಮ್ಯಾಲ ಬ್ಯಾರೆ ಸಿಟ್ಟು. ಅದು ನಮ್ಮ ಮನೀದು, ನಿಮಗ ಬ್ಯಾಡ.

ಇನ್ನೊಂದು. ಕಾಲು ತಾಗ್ತದ ಅನ್ನೂದನ್ನ ನೀವು ನನಗ ಮೊದಲ ಹೇಳಿದ್ರ ಆಗ್ತಿತ್ತು. ಆ ಚೌಕಟ್ಟಿಗೆ ಒಂದು ಕದಾ ಮಾಡತಿದ್ದೆ. ಹಲಗಿ ಶೆಡ್ಡಿನ್ಯಾಗ ಬಿದ್ದಿತ್ತು. ಒಂದು ಮಧ್ಯಾಹ್ನದ ಕೆಲಸ, ವೈನಿ. ನನಗೂ ಹೊಳೀಲಿಲ್ಲ. ನಾ ಬರೇ ತೂಕ ನೋಡಿದೆ, ಮಡಿ ನೋಡಲಿಲ್ಲ. ನೀವು ಮಡಿ ನೋಡಿದ್ರಿ, ತೂಕ ನೋಡಲಿಲ್ಲ.

ಈಗ ಕೆಲಸದ್ದು. ಮಿಸ್ತ್ರಿಗ ಬರಬ್ಯಾಡ ಅಂತ ಹೇಳ್ರಿ. ಗಾಡಿ ನಾ ಮಾಡ್ತೀನಿ, ಕಾರಖಾನಿ ಬಿಟ್ಟ ಮ್ಯಾಲ ಸಂಜಿ ಮುಂದ. ಮ್ಯಾಲಿನ ಹಳೇ ಕ್ಯಾರಿಯರ್ ಕೊಯ್ದು ತಗದೀನಿ. ಇನ್ನ ಮ್ಯಾಲ ಆ ಗಾಡಿ ಟಪ್ಪಿನ ಮ್ಯಾಲ ಕಾಗಿ ಸುದ್ದಾ ಕೂಡಬಾರದು. ದೊಡ್ಡ ಪೀಪಾಯಿ ಬ್ಯಾಡ, ಅರ್ಧಾ ಆದ ನೀರು ಓಡಾಡತದ. ಮುಚ್ಚಳದ ಸಣ್ಣ ಡಬ್ಬಿ ಹತ್ತು, ಒಂದಕ್ಕ ಹನ್ನೆರಡು ಕಿಲೋ. ಒಂದು ಖಾಲಿ ಆದ ಮ್ಯಾಲನ ಇನ್ನೊಂದು ತಗೀಬೇಕು, ಎಡಕ್ಕೊಂದು ಬಲಕ್ಕೊಂದು. ಅವಕ್ಕ ನೆಲದ ಖಾನಿ, ಖಾನಿಗೆ ಕದಾ, ಕದಕ್ಕ ಚಿಲಕ. ಚಿಲಕಾ ಮುಟ್ಟೋರು ಒಬ್ಬರ. ಯಾರು ಅಂತ ನೀವ ಗೊತ್ತು ಮಾಡ್ರಿ.

ಹಿಂದಿನ ಗಾಲಿ ಆಚೆ ಅಕ್ಕಿ ಚೀಲ ಹಾಕೂದು ಬ್ಯಾಡ. ಹಿಂದ ಜಗ್ಗಿದ್ರ ಮುಂದ ಎತ್ತತದ, ಕೈಯಾಗಿನ ಚಕ್ರಾ ಹಗುರಾಗ್ತದ, ತಿರುವಿನ್ಯಾಗ ಮಾತು ಕೇಳೂದಿಲ್ಲ. ಹಿಂದ ಹಾಸಿಗಿ ಅಷ್ಟ.

ಬರೂ ಒಂಬತ್ತು ಮಂದಿ ತೂಕ ಬೇಕು. ಅಂದಾಜು ಬ್ಯಾಡ. ತೂಗಿಸಿ ಬರೀರಿ.

ವಿಶ್ವನಾಥ


ಅಕ್ಕಲಕೋಟ
5-11-1978

ವಿಶ್ವನಾಥಗ,

ಪಾಡ್ಯದ ಆಶೀರ್ವಾದ ಇಬ್ಬರಿಗೂ. ಸಾತಲಿಂಗಪ್ಪಗ ಎಲ್ಲಾ ಹೇಳಿದೆ, ಪೀಪಾಯಿ ಮಾತೂ ಹೇಳಿದೆ. ತುಳಜಾಬಾಯಿನೂ ಕೇಳಿಸಿಕೊಂಡ್ರು. ಆಮ್ಯಾಲ ಅಂದ್ರು, "ಆ ನೀರು ಬ್ಯಾಡ ಅಂದಾಕಿ ನಾ. ನೀ ಒಬ್ಬಾಕೀನ ಯಾಕ ಹೊತ್ತಿದ್ದಿ?" ನಿನಗ ತಿಳೀಲಿ ಅಂತ ಬರದೀನಿ.

ತೂಗಿದ್ದು ಅಡತಿ ಅಂಗಡಿಯಾಗ, ಜ್ವಾಳದ ಚೀಲಾ ಇಡೂ ಕಾಟಾದ ಮ್ಯಾಲ. ಇಂದುಬಾಯಿ ಹತ್ತಾಕ ಒಲ್ಲೆ ಅಂದಳು. "ನಾ ಏನ್ ಜ್ವಾಳದ ಚೀಲೇನು?"

ಸಾತಲಿಂಗಪ್ಪ ಅಂದಾ, "ಚೀಲಾದ್ರ ಸುಮ್ಮ ಕೂಡತದ. ನೀ ಮಾತಾಡಿದಂಗ ಕಾಟಾ ಅಳ್ಳಾಡತದ, ಬಾಯಿ ಮುಚ್ಚು."

"ನಿನ್ನ ತೂಕ ಮೊದಲ ಬರಸು, ಆಮ್ಯಾಲ ನನ್ನ ಬಾಯಿ ಮುಚ್ಚಿಸು."

ಅಂವ ಹತ್ತಿದಾ. ಎಪ್ಪತ್ತೆಂಟು. ಅಕಿ ಎಂಬತ್ಮೂರು. ಆಮ್ಯಾಲ ಖರೇನ ಬಾಯಿ ಮುಚ್ಚಿದಳು, ಚಹಾ ಬರೂತನಕ.

ತುಳಜಾಬಾಯಿ ಕೈಯಾಗಿನ ಗಂಟು ಇಡಲಿಲ್ಲ. ಬ್ಯಾರೆ ತೂಗೋಣು ಅಂದ್ರ, "ಗಂಟು ನನ್ನ ತೊಡಿ ಮ್ಯಾಲನ ಬರ್ತದ, ನನ್ನ ಕೂಡನ ತೂಗು" ಅಂದ್ರು. ಗಂಟು ಕೂಡಿ ನಲವತ್ತೇಳು. ಉಳದ ಆರು ಮಂದಿ ಕೂಡಿ ಮುನ್ನೂರಾ ನಲವತ್ತು. ಎಲ್ಲಾ ಸೇರಿ ಐದನೂರಾ ನಲವತ್ತೆಂಟು ಕಿಲೋ. ಅಕ್ಕಿ, ಹಿಟ್ಟು, ಬ್ಯಾಳಿ ಅರವತ್ತು. ಸ್ಟೋವು, ಪಾತ್ರಿ ನಲವತ್ತೈದು. ಹಾಸಿಗಿ ಐವತ್ತು.

ಅಡಗಿಗೆ ಇಂದುಬಾಯಿ ಒಪ್ಪ್ಯಾಳ. ಚಿಲಕಾನೂ ಅಕಿ ಕೈಯಾಗ ಕೊಡ್ತೀನಿ. ತುಳಜಾಬಾಯಿ ಡ್ರೈವರ್ ಬಾಜೂಕ ಮುಂದ ಕೂಡ್ತೀನಿ, ಹಿರ್ಯಾಕಿ ನಾ, ಅಂತಾರ. ಅದು ನಡೀತದೋ ಹೆಂಗ ತಿಳಿಸು. ಗಾಡಿ ಹೊಡ್ಯಾಕ ಯಾರನ್ನ ಗೊತ್ತು ಮಾಡೋಣು ಅಂತ ಸಾತಲಿಂಗಪ್ಪ ಕೇಳಾಕತ್ತಾನ.

ವೇಣೂಬಾಯಿ


ಸೋಲಾಪುರ
10-11-1978

ವೈನಿಗ,

ಯಾರನ್ನೂ ಗೊತ್ತು ಮಾಡೂದು ಬ್ಯಾಡ. ನಾನ ಹೊಡೀತೀನಿ. ಎಂಟು ದಿನ ರಜಾ ಕೊಟ್ಟಾರ, ಆಮ್ಯಾಲ ಗೇಟಿಗೆ ವಾಪಸ್ ಬರ್ತೀನಿ ಅಂತ ಕುಮುದಿನಿಗ ಮಾತು ಕೊಟ್ಟೀನಿ. ನಿನ್ನೆ ಅಕಿ ಮಾತಾಡಿದಳು. "ಟಾವೆಲ್ ಎರಡು ಇಡ್ಲೋ ಮೂರು ಇಡ್ಲೋ?" ಅಂದಳು. ಎರಡು ಅಂದೆ, ತೂಕ ಅಂದೆ. ಮೂರು ಇಟ್ಟಾಳ.

ಖಾಲಿ ಗಾಡಿ ವಜನಕಾಟಾಕ್ಕ ಒಯ್ದಿದ್ದೆ. ಮೊದಲ ಮುಂದಿನ ಗಾಲಿ ಅಷ್ಟ ಹತ್ತಿಸಿ ನೋಡಿದೆ, ಏಳನೂರಾ ಅರವತ್ತು. ಪೂರಾ ಗಾಡಿ ಸಾವಿರದ ನಾನೂರಾ ಮೂವತ್ತು. ಕಾಟಾದಂವ ಕೇಳಿದಾ, "ಖಾಲಿ ಗಾಡಿ ಯಾರರೇ ತೂಗ್ತಾರೇನ್ರಿ?" ತುಂಬಿದ ಮ್ಯಾಲ ಮತ್ತ ಬರ್ತೀನಿ ಅಂದೆ.

ಈ ಗಾಡಿ ಎರಡು ಸಾವಿರದ ನಾನೂರು ತಡೀತದ, ಅದರ ಮ್ಯಾಲ ಒಂದು ಕಿಲೋ ನಾ ಹೇರೂದಿಲ್ಲ. ನಿಮ್ಮ ಮಂದಿ, ಸಾಮಾನು, ನೀರು ನೂರಾ ಇಪ್ಪತ್ತು, ನಾ ಅರವತ್ತಾರು, ಎಲ್ಲಾ ಕೂಡಿಸಿದ್ರ ಎರಡು ಸಾವಿರದ ಮುನ್ನೂರಾ ಹತ್ತೊಂಬತ್ತು.

ಕೂಡಿಸೂ ಮಾತು. ಇಂದುಬಾಯಿ, ಸಾತಲಿಂಗಪ್ಪ ಒಂದ ಬಾಜೂಕ ಕೂಡಬಾರದು, ಗಾಡಿ ವಾಲ್ತದ. ಒಬ್ಬರು ಎಡಕ್ಕ, ಒಬ್ಬರು ಬಲಕ್ಕ, ಎದುರಾ ಬದುರಾ. ಜಗಳಾ ಆಡ್ತಾರ. ಆಡ್ಲಿ, ಜಗಳಕ್ಕ ತೂಕಿಲ್ಲ. ತುಳಜಾಬಾಯಿ ಮುಂದ ಬ್ಯಾಡ, ಇಂಜಿನ್ ಶಾಖಾ ಕಾಲಿಗೆ ಹತ್ತತದ. ನಡಬರಕ ಕೂಡಸ್ರಿ, ಅಲ್ಲಿ ಧಕ್ಕಿ ಕಡಿಮಿ. ದೇವರ್ನ ಗುಡಿಯಾಗ ಎಲ್ಲಿ ಕೂಡಸ್ತಾರ ಅಂತ ಕೇಳ್ರಿ, ಒಪ್ಪತಾರ.

ಮುಂದಿನ ಸೀಟು ಖಾಲಿ ಬಿಟ್ಟೀನಿ. ಮುಂದ ಇನ್ನಷ್ಟು ಭಾರ ಬೇಕು, ಲೆಕ್ಕದಾಗ ಎಂಬತ್ತೊಂದು ಕಿಲೋ ಜಾಗಾ ಅದ. ನೀವು ಎಲ್ಲಾರ ತೂಕ ಬರದೀರಿ, ಗಂಟಿನದು ಸುದ್ದಾ ಬರದೀರಿ. ನಿಮ್ಮದು ಬರದಿಲ್ಲ. ನೀವು ಬರೂದಿಲ್ಲ ಅಂತ ನಾ ತಿಳಕೊಂಡೆ.

ವೈನಿ, ನೀರು ಸರದಾಡೂ ಸಪ್ಪಳ ಹೆಂಗಿರ್ತದ ನನಗ ಗೊತ್ತಿಲ್ಲ. ಅದನ್ನ ಕೇಳಿ ಉಳದವರು ನೀವೊಬ್ಬರು. ಆ ತಿರುವಿನ್ಯಾಗ ಇಂಜಿನ್ ಸಪ್ಪಳದಾಗ ನನಗ ಏನೂ ಕೇಳೂದಿಲ್ಲ. ಬಾಜೂಕ ಕೂತು ನಿಲ್ಲಸು ಅನ್ನಾಕ ಒಬ್ಬರು ಬೇಕು. ನೀವು ನಿಲ್ಲಸು ಅಂದ್ರ ನಾ ನಗೂದಿಲ್ಲ, ನಿಲ್ಲಸ್ತೀನಿ.

ಸಿಟ್ಟು ಇನ್ನೂ ಅದ. ಅದು ಇದ್ದುಕೊಂಡ ಹೋಗೋಣು.

ನಿಮ್ಮ ತೂಕ ಬರೂತನಕ ಗಾಡಿ ಹೊರಡೂದಿಲ್ಲ.

ವಿಶ್ವನಾಥ


(ಕಾರ್ಡು)

ಅಕ್ಕಲಕೋಟ
13-11-1978

ವಿಶ್ವನಾಥಗ,

ಇವತ್ತು ಮುಂಜಾನೆ ತೂಗಿಸಿಕೊಂಡೆ. ಕಾಟಾ ಸರಿ ಅದನೋ ಇಲ್ಲೋ ಅಂತ ಇಂದುಬಾಯಿ ಎರಡು ಸಲ ಇಳಿಸಿ ಹತ್ತಿಸಿದಳು. ಎರಡೂ ಸಲ ಅಷ್ಟ ಬಂತು.

ನಲವತ್ಮೂರು ಕಿಲೋ.

ವೈನಿ